ಪದ್ಮವ್ವನ ಹಸು ಬೆದೆಗೆ ಬರಲಿಲ್ಲ, ಯಾಕೆ?

ಬೀಡಿ ಊರಿನ ಪದ್ಮವ್ವನ ಜರ್ಸಿ ಹಸು ಕರು ಹಾಕಿ ಎಷ್ಟೋ ತಿಂಗಳಾಗಿತ್ತು. ಮತ್ತೆ ಬೆದೆಗೆ ಬಂದಿರಲಿಲ್ಲ. ಹಾಲೂ ದಿನದಿಂದ ದಿನಕ್ಕೆ ಇಳಿಯುತ್ತಿತ್ತು.

“ಇದು ಬಂಜಿ ಆತು. ನಾಳಿಗಿ ಬಾಳೇಶ ಆಟೋ ನಗರದಿಂದ ಬರೂಮುಂದ ದಲ್ಲಾಳೀನ ಕರಕೊಂಡ ಬರ್ತಾನ. ಕೊಟ್ಟು ಕೈ ತೊಳಕೊಳ್ಳೂಣು,” ಎಂದಳು ಪದ್ಮವ್ವ. ಬಾಳೇಶ ಅವಳ ಮಗ, ಪಟ್ಟಣದ ಆಟೋ ನಗರದ ಗ್ಯಾರೇಜಿನಲ್ಲಿ ಕೆಲಸ.

ಸೊಸೆ ಪೂನಮಳಿಗೆ ಹೆದರಿಕೆಯಾಯಿತು. ದಲ್ಲಾಳಿಯ ಗಾಡಿ ಹತ್ತಿದ ಹಸು ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಮದುವೆಯಾಗಿ ವರ್ಷಗಳಾದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಬಂಜೆ ಎಂಬ ಮಾತು ಇವತ್ತು ಕೊಟ್ಟಿಗೆಯಲ್ಲಿದೆ, ನಾಳೆ ಪಡಸಾಲೆಗೆ ಬಂದರೆ? ಅತ್ತೆ ಆಚೆ ಹೋದ ಹೊತ್ತು ನೋಡಿ, ಖಾನಾಪುರದ ಪಶುವೈದ್ಯೆ ಮೇಘಾ ಅವರಿಗೆ ಫೋನ್ ಮಾಡಿದಳು.

ಸಂಜೆಯೊಳಗೆ ಡಾಕ್ಟರ್ ಬಂದರು. ಪದ್ಮವ್ವನ ಮುಖ ಗಂಟಿಕ್ಕಿತು.

“ಇವರನ್ನ ಯಾರು ಕರದ್ರು?”

“ನಾನ ಕರದೇನ್ರಿ, ಅತ್ತಿ,” ಎಂದಳು ಪೂನಮ.

ಡಾಕ್ಟರ್ ಕೈಗವಸು ತೊಟ್ಟು ಪರೀಕ್ಷೆಗೆ ನಿಂತರು. ಬಂಜೆ ಎಂದು ಇವರೂ ಅಂದುಬಿಟ್ಟರೆ ಮುಗಿಯಿತು ಎಂದುಕೊಂಡಳು ಪೂನಮ.

“ಗರ್ಭಕೋಶ ಚಲೋ ಐತ್ರಿ. ಅಂಡಾಶಯದಾಗ ಸಣ್ಣ ಸಣ್ಣ ನೀರಗುಳ್ಳಿ ಅದಾವ, ಒಂದೊಂದರಾಗ ಒಂದೊಂದು ತತ್ತಿ ಇರತೈತಿ. ಆದ್ರ ಅವು ಪೂರಾ ಬೆಳಿಯಾಕತ್ತಿಲ್ಲ, ನಡುವ ಬತ್ತಿ ಹೊಂಟಾವ. ಮೇವು ಏನ್ ಹಾಕ್ತೀರಿ?”

“ಕಬ್ಬಿನ ಸೋಗಿರೀ. ಕಬ್ಬು ಕಡಿಯೂ ಹಂಗಾಮಿನ್ಯಾಗ ಪುಕ್ಕಟ ಸಿಗತೈತಿ, ಹಿಂಡಿ ಯಾಕ ತರಬೇಕು? ಹೊಟ್ಟಿ ನೋಡ್ರಿ, ನಗಾರಿ ಆಗೇತಿ!” ಎಂದಳು ಪದ್ಮವ್ವ.

“ಹೊಟ್ಟಿ ತುಂಬೇತಿ, ಮೈಗೆ ಸತ್ವ ಇಲ್ಲ ಪದ್ಮವ್ವಾರ. ಮಿದುಳಿನಿಂದ ರಕ್ತದಾಗ ಸಂದೇಶ ಹೋಗಬೇಕು. ಅದು ಮುಟ್ಟಿದ್ರ ಗುಳ್ಳಿಯ ಜೀವಕೋಶದೊಳಗ ಸುಮ್ಮನಿದ್ದ ಜೀನ್ ಎಚ್ಚರ ಆಗತಾವ, ಗುಳ್ಳಿ ಬೆಳಿಯಾಕ ಬೇಕಾದ್ದು ತಯಾರಾಗತೈತಿ. ಮೈ ಸೊರಗಿದ್ರ ಮಿದುಳು ಆ ಸಂದೇಶ ಕಡಿಮಿ ಮಾಡತೈತಿ.”

“ಹಂಗಾರ ಒಂದು ಸೂಜಿ ಮಾಡ್ರಿ, ಮುಗೀತು.”

“ಸೊರಗಿದ ಮೈಗೆ ಬರೇ ಸೂಜಿ ಏನ್ ಮಾಡೀತು? ಸೋಗಿ ಕಡಿಮಿ ಮಾಡಿ ಹಸಿ ಮೇವು, ಹಿಂಡಿ, ಖನಿಜದ ಪುಡಿ ಹಾಕ್ರಿ. ಜಂತುಹುಳದ ಔಷಧ ನಾ ಕೊಡತೇನಿ. ಹಸು ಬಂಜಿ ಅಲ್ರಿ, ತಪ್ಪು ಮೇವಿಂದು.”

ಪದ್ಮವ್ವ ಮಗನಿಗೆ ಫೋನ್ ಹಚ್ಚಿದಳು. “ದಲ್ಲಾಳಿಗೆ ಸದ್ಯ ಬ್ಯಾಡ ಅನ್ನಪಾ.”

ಸದ್ಯ ಎಂಬ ಮಾತೇ ಪೂನಮಳನ್ನು ಕೊರೆಯಿತು. ಮೇವು ಬದಲಾಯಿತು, ವಾರಗಳು ಕಳೆದವು, ಹಸು ಸುಮ್ಮನೇ ನಿಂತಿತ್ತು. ಡಾಕ್ಟರ್ ಮಾತು ಸುಳ್ಳಾದರೆ ಗತಿಯೇನು ಎಂದು ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹಸು ಬಿಡದೆ ಕೂಗತೊಡಗಿತು. ಪೂನಮ ಓಡಿದಳು. ಬಾಲದ ಕೆಳಗೆ ತಿಳಿ ಲೋಳೆ ಇಳಿದಿತ್ತು. ಬೆದೆ ಬಂದಿತ್ತು! ಪದ್ಮವ್ವ ಬರುವಷ್ಟರಲ್ಲಿ ಸೊಸೆ ಬಿಕ್ಕಿ ಅಳುತ್ತಿದ್ದಳು.

“ಚಲೋ ಆತಲ್ಲ, ಯಾಕ ಅಳತಿ?”

“ಮುಂದ ನನಗೂ ಹಂಗ ಅಂತೀರೇನೋ ಅಂತ ಭಾಳ ಅಂಜಿದ್ದೆರಿ.”

ಪದ್ಮವ್ವ ಅವಳ ಕೈ ಹಿಡಿದುಕೊಂಡಳು. “ನೋಡದ ಮಾಡದ ಬಂಜಿ ಅಂದೆನವಾ. ಈ ಮನ್ಯಾಗ ಆ ಮಾತು ಇನ್ನ ಯಾರಿಗೂ ಬ್ಯಾಡ.”

ಅಕ್ಕ-ತಂಗಿಯರೇ, ಕಬ್ಬಿನ ಹಂಗಾಮಿನಲ್ಲಿ ನಿಮ್ಮ ದನ ಏನು ತಿನ್ನುತ್ತಿದೆ ಎಂದು ನೋಡಿ. ಕರು ಹಾಕಿ ಮೂರು ತಿಂಗಳಾದರೂ ಬೆದೆ ಬರದಿದ್ದರೆ ಮೊದಲು ಪಶುವೈದ್ಯರನ್ನು ಕರೆಸಿ. ದಲ್ಲಾಳಿಯನ್ನು ಯಾವಾಗ ಬೇಕಾದರೂ ಕರೆಯಬಹುದು, ಗಾಡಿ ಹತ್ತಿಸಿದ ಹಸುವನ್ನು ವಾಪಸು ಕರೆಯಲಾಗದು.