ಮೊದಲ ಸ್ಥಾನದ ಅಳು

ಹೊಡೆದಾದ ಮೇಲೆಯೇ ಆ ಕೈ ತನ್ನದೆಂದು ಯೊನ್‌ಜುಗೆ ಗೊತ್ತಾದದ್ದು. ತಂಡದ ಕಿರಿಯಳಾದ ದಲ್ಲೆಯ ಕೆನ್ನೆಗೆ ಬಳಿದ ಪೌಡರಿನ ಮೇಲೆ ಬೆರಳುಗಳು ಮೂಡಿದವು. ಮೇಕಪ್ಪಿನವಳು ಬ್ರಷ್ ಎತ್ತಿಕೊಂಡು ಅವನ್ನು ಮುಚ್ಚತೊಡಗಿದಳು. ಇಂಥದ್ದು ಅವಳಿಗೆ ಹೊಸದಲ್ಲ.

"ಇನ್ನೊಂದು ಹೊಡಿ ಅಕ್ಕ. ಕಾಲಂತೂ ಹೋಯ್ತು, ಮುಖ ಯಾಕೆ ಉಳೀಬೇಕು?"

"ಒಂದೇ ಒಂದು ಹಾಡು ಕಣೆ."

"ಡಾಕ್ಟ್ರು ನಿನ್ನೆದುರಿಗೇ ಹೇಳಿದ್ರಲ್ಲ."

ಹೇಳಿದ್ದರು. ಪಾದದ ಲಿಗಮೆಂಟ್ ಅರ್ಧ ಹರಿದಿದೆ, ಇದರ ಮೇಲೆ ಕುಣಿದರೆ ಹುಡುಗಿ ಮತ್ತೆಂದೂ ಕುಣಿಯುವುದಿಲ್ಲ. ಯೊನ್‌ಜು ಆಗ ಬಹಳ ಗಂಭೀರವಾಗಿ ತಲೆಯಾಡಿಸಿದ್ದಳು.

ಮ್ಯಾನೇಜರ್ ಪ್ಯೋ ಬಾಗಿಲಲ್ಲಿ ನಿಂತು ಕಿಂಬಾಪ್ ಎಂಬ ಅನ್ನದ ಸುರುಳಿ ತಿನ್ನುತ್ತಿದ್ದ. "ಲೀಡರ್ ಅಂದ್ಮೇಲೆ ಚಿಕ್ಕೋರನ್ನ ನೀನೇ ದಾರಿಗೆ ತರ್ಬೇಕಮ್ಮ. ನಾನು ಕೈ ಮಾಡಿದ್ರೆ ಪೇಪರ್‌ನಲ್ಲಿ ಬರುತ್ತೆ. ನೀನು ಮಾಡಿದ್ರೆ ಅಕ್ಕ-ತಂಗೀರ ಜಗಳ."

"ಮೂವರೇ ಕುಣಿದ್ರೆ ಆಗಲ್ವಾ ಅಣ್ಣ?"

"ಆಗುತ್ತೆ. ನಾಳೆ ನಾಲ್ವರೂ ಮನೆಗೆ ಹೋದ್ರೂ ಆಗುತ್ತೆ."

ನಾಲ್ವರು ಹುಡುಗಿಯರ ಅವರ ಹಾಡು-ಕುಣಿತದ ತಂಡ ಟಿವಿಯ ವಾರದ ನೇರಪ್ರಸಾರದ ಸ್ಪರ್ಧೆಯಲ್ಲಿ ಏಳು ವರ್ಷದಲ್ಲಿ ಒಂದು ಸಲವೂ ಮೊದಲ ಸ್ಥಾನ ಗೆದ್ದಿರಲಿಲ್ಲ. ಕರಾರು ಈ ತಿಂಗಳಿಗೆ ಮುಗಿಯುತ್ತದೆ. ಇವತ್ತು ಗೆದ್ದರೆ ಮುಂದುವರಿಕೆ, ಇಲ್ಲದಿದ್ದರೆ ಇಲ್ಲ. ಯೊನ್‌ಜುಗೆ ಈ ಗೆಲುವು ಬೇಕಿತ್ತು. ನಾಚಿಕೆಯಾಗುವಷ್ಟು ಬೇಕಿತ್ತು. ಕಾಲೇಜಿನಲ್ಲಿ ಅವಳು ತತ್ವಶಾಸ್ತ್ರ ಓದಿದ್ದಳು. ಮನುಷ್ಯನನ್ನು ಏಕೆ ಸಾಧನವಾಗಿ ಬಳಸಬಾರದು ಎಂಬ ಪ್ರಶ್ನೆಗೆ ಉದ್ದವಾದ ಉತ್ತರ ಬರೆದು ಒಳ್ಳೆಯ ಅಂಕ ತೆಗೆದಿದ್ದಳು.

ದಲ್ಲೆ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಆಮೇಲೆ ನೋವು ಮರೆಸುವ ಸೂಜಿಗೆ ಕಾಲು ಚಾಚಿದಳು.

ಕಾರಿಡಾರಿನಲ್ಲಿ ಹಿರಿಯ ತಂಡದವರು ಎದುರಾದರು. ಪದ್ಧತಿಯಂತೆ ನಾಲ್ವರೂ ಸೊಂಟದವರೆಗೆ ಬಗ್ಗಿ ನಮಸ್ಕರಿಸಿದರು. ದಲ್ಲೆ ಒಂದೇ ಕಾಲ ಮೇಲೆ ಬಗ್ಗಿದಳು. "ಪಾಪ, ಎಷ್ಟು ವಿನಯ ನೋಡು!" ಎಂದು ಹಿರಿಯರಲ್ಲೊಬ್ಬಳು ನಕ್ಕಳು.

ಕುಣಿತ ಶುರುವಾಯಿತು. ಹಾಡಿನ ನಡುವೆ ನಾಲ್ವರೂ ನೆಗೆದು ಒಟ್ಟಿಗೆ ಇಳಿಯಬೇಕಿದ್ದ ಕಡೆ, ಡ್ರಮ್ಮಿನ ಏಟಿನ ಕೆಳಗೆ, ಯೊನ್‌ಜುಗೆ ಒಣಕಡ್ಡಿ ಮುರಿದಂಥ ಸದ್ದು ಕೇಳಿಸಿತು. ತಿರುಗಿದಳು. ದಲ್ಲೆ ನಗುತ್ತಿದ್ದಳು. ತರಬೇತಿ ಅಷ್ಟು ಚೆನ್ನಾಗಿತ್ತು.

ಫಲಿತಾಂಶಕ್ಕೆ ಎಲ್ಲ ತಂಡಗಳೂ ವೇದಿಕೆಗೆ ಬಂದವು. ಪರದೆಯ ಮೇಲೆ ಅಂಕಿಗಳು ಓಡಿ ನಿಂತವು. ನಿರೂಪಕ ಅವರ ಹೆಸರು ಕೂಗಿದ. ಮೇಲಿನಿಂದ ಬಣ್ಣದ ಕಾಗದದ ಚೂರುಗಳು ಸುರಿದವು. ಯೊನ್‌ಜುವಿನ ಕೈಗೆ ಭಾರವಾದ ಗಾಜಿನ ಪ್ರಶಸ್ತಿ ಬಂತು. ಕ್ಯಾಮೆರಾ ಅವಳ ಮುಖದ ಹತ್ತಿರ ಬಂದು ಕಾಯಿತು. ಈಗ ಅಳಬೇಕು. ಮೊದಲ ಸಲ ಗೆದ್ದವರೆಲ್ಲ ಅಳುತ್ತಾರೆ. ಅವಳು ಒಳಗೆಲ್ಲ ತಡಕಾಡಿದಳು. ಅಲ್ಲಿ ಏನೂ ಇರಲಿಲ್ಲ. ಅವಳಿಗೆ ಭಯವಾಯಿತು.

"ಕಂಪನಿ ಅಧ್ಯಕ್ಷರಿಗೆ, ಮ್ಯಾನೇಜರ್ ಅಣ್ಣನಿಗೆ, ಮೇಕಪ್ ಮಾಡಿದ ಅಕ್ಕಂದಿರಿಗೆ..." ಎಂದು ಕೃತಜ್ಞತೆ ಹೇಳತೊಡಗಿದಳು. ಒಂದು ಹೆಸರು ಬಿಟ್ಟರೂ ಬಿಟ್ಟುಹೋದವರ ಸಿಟ್ಟಿಗೆ ಮನೆ ಹತ್ತಿ ಉರಿಯುತ್ತದೆ.

ಪಕ್ಕದಲ್ಲಿ ದಲ್ಲೆ ಕುಸಿದಳು.

"ಅಯ್ಯೋ, ನಮ್ಮ ಪುಟ್ಟಿಗೆ ಸಂತೋಷ ತಡೆಯೋಕಾಗ್ತಿಲ್ಲ!" ಎಂದ ನಿರೂಪಕ. ಉಳಿದಿಬ್ಬರು ಓಡಿಬಂದು ಎತ್ತಿ ತಬ್ಬಿದರು. ಯೊನ್‌ಜು ಎದುರಿನಿಂದ ತಬ್ಬಿದಳು. ಗೆದ್ದವರು ಅತ್ತಾಗಲೆಲ್ಲ ಕೂಗುವಂತೆ ಸಭಾಂಗಣ ಒಂದೇ ದನಿಯಲ್ಲಿ ಕೂಗಿತು: "ಅಳಬೇಡ! ಅಳಬೇಡ!"

"ಕಾಲು," ಎಂದಳು ದಲ್ಲೆ ಅವಳ ಕಿವಿಯಲ್ಲಿ. "ಅಕ್ಕ, ನಂಗೆ ಕಿರುಚಬೇಕು."

"ಈಗ ಬೇಡ. ಮೈಕ್ ಆನ್ ಇದೆ."

ಗೆದ್ದವರು ಅದೇ ಹಾಡನ್ನು ಮತ್ತೆ ಹಾಡಬೇಕು, ಹಿನ್ನೆಲೆಯಲ್ಲಿ ಧ್ವನಿಮುದ್ರಿತ ದನಿಯ ಆಸರೆಯಿಲ್ಲದೆ. ಸಂಗೀತ ಮೊದಲಾಯಿತು. ಉಳಿದ ತಂಡಗಳು ಚಪ್ಪಾಳೆ ತಟ್ಟುತ್ತ ಇಳಿದುಹೋದವು.

ಆಗ ದಲ್ಲೆ ಕಚ್ಚಿದಳು. ಯೊನ್‌ಜುವಿನ ಬರಿಯ ಭುಜಕ್ಕೆ ಹಲ್ಲುಗಳು ಇಳಿದವು, ಚರ್ಮ ದಾಟಿ ಮಾಂಸಕ್ಕೆ. ಬಿಸಿಯಾಗಿ ಏನೋ ಬೆನ್ನ ಮೇಲೆ ಹರಿಯಿತು. ಯೊನ್‌ಜುವಿನ ಕಣ್ಣಿನಿಂದ ನೀರು ಧಾರೆಧಾರೆಯಾಗಿ ಇಳಿಯಿತು. ಕ್ಯಾಮೆರಾ ಇನ್ನೂ ಹತ್ತಿರ ಬಂತು.

"ಅಳಬೇಡ! ಅಳಬೇಡ!"

ಹಲ್ಲು ಸಡಿಲವಾದರೆ ಕಿರುಚಾಟ ದೇಶಕ್ಕೆಲ್ಲ ಕೇಳಿಸುತ್ತದೆ. ಯೊನ್‌ಜು ಹಾಡಿನ ಮೊದಲ ಸಾಲು ಎತ್ತಿಕೊಂಡಳು. ಪ್ರಶಸ್ತಿ ಹಿಡಿದ ಕೈಯಿಂದಲೇ ದಲ್ಲೆಯ ತಲೆಯನ್ನು ಬಳಸಿ, ಆ ಬಾಯನ್ನು ತನ್ನ ಭುಜಕ್ಕೆ ಇನ್ನೂ ಬಲವಾಗಿ ಒತ್ತಿಕೊಂಡಳು.