ಮಟ್ಟಸವಾದ ಗೆರೆ

ಗೆರೆ ಮೇಲೇಳಬಾರದು, ಕೆಳಗಿಳಿಯಲೂಬಾರದು. ನನಗೆ ಬೇಕಾಗಿದ್ದುದು ಅಷ್ಟೇ. ಶುಕ್ರವಾರದೊಳಗೆ ನನ್ನ ಬ್ಯಾಟರಿ ಸೆಲ್ ಕಂಪ್ಯೂಟರಿನಲ್ಲಿ ಅಂಥದ್ದೊಂದು ಗೆರೆ ಎಳೆಯದಿದ್ದರೆ ಎಂ.ಎಸ್ಸಿ. ಪ್ರಾಜೆಕ್ಟಿಗೆ ಬೇರೆ ವಿಷಯ ತಗೋ ಎಂದು ನಮ್ಮ ಗೈಡ್ ರಾಜಶೇಖರ್ ಸರ್ ಹೇಳಿಬಿಟ್ಟಿದ್ದರು. ಬೇರೆ ವಿಷಯವೆಂದರೆ ಬೋರ್‌ವೆಲ್ ನೀರಿನ ಗಡಸುತನ. ಕಡೂರಿನ ನಮ್ಮ ಕಾಲೇಜಿನಲ್ಲಿ ವರ್ಷಕ್ಕೆ ಹತ್ತು ಜನ ಅದನ್ನೇ ಅಳೆಯುತ್ತಾರೆ, ನೀರು ಪ್ರತಿವರ್ಷವೂ ಗಡಸಾಗಿಯೇ ಇರುತ್ತದೆ. ಫಿರ್ದೋಸ್ ಎಂಬ ನಾನು ಹನ್ನೊಂದನೆಯವಳಾಗಲು ತಯಾರಿರಲಿಲ್ಲ.

ನನಗೆ ಹುಚ್ಚು ಹಿಡಿಸಿದ್ದು ಬ್ಯಾಟರಿಯೊಳಗೆ ಹಾಕುವ ಲಿಥಿಯಂ ಐರನ್ ಫಾಸ್ಫೇಟ್. ಅದರ ಹರಳಿನೊಳಗೆ ಕಬ್ಬಿಣವೂ ಫಾಸ್ಫೇಟೂ ಸೇರಿ ಗಟ್ಟಿ ಗೋಡೆ ಕಟ್ಟಿವೆ, ನಡುವೆ ನೇರವಾದ ಓಣಿಗಳು. ಚಾರ್ಜ್ ಮಾಡಿದಾಗ ಲಿಥಿಯಂ ಓಣಿಯಿಂದ ಹೊರಗೆ ಹೋಗುತ್ತದೆ, ಬಳಸಿದಾಗ ಒಳಗೆ ಬರುತ್ತದೆ, ಗೋಡೆ ಮಾತ್ರ ಬೀಳುವುದಿಲ್ಲ. ತರೀಕೆರೆ ಸಂತೆಯ ಇಕ್ಕಟ್ಟಿನಲ್ಲಿ ಟ್ರ್ಯಾಕ್ಟರ್ ಅಡ್ಡ ನಿಂತ ಹಾಗೆ ಒಂದು ಕಬ್ಬಿಣದ ಅಯಾನು ಓಣಿಯಲ್ಲಿ ಕೂತರೆ ಹಿಂದಿನವೆಲ್ಲ ಸಿಕ್ಕಿಬಿದ್ದ ಹಾಗೆಯೇ. ಇದನ್ನು ನೆನೆದರೆ ಬಸ್ಸಿನಲ್ಲೂ ನನಗೆ ಒಬ್ಬಳಿಗೇ ನಗು ಬರುತ್ತಿತ್ತು. ಸೆಲ್ ಖಾಲಿಯಾಗುವ ಉದ್ದಕ್ಕೂ ವೋಲ್ಟೇಜು ಒಂದೇ ಸಮ ನಿಂತರೆ ಆ ಹರಳೇ ಸಿಕ್ಕಿತೆಂದು ಅರ್ಥ.

ಅದನ್ನು ಪಡೆಯಲು ಸಾಮಗ್ರಿಗಳನ್ನು ಅರೆದ ಪುಡಿಯನ್ನು ಆರುನೂರೈವತ್ತು ಡಿಗ್ರಿಯಲ್ಲಿ ಗಾಳಿ ತಾಗದಂತೆ ಬೇಯಿಸಬೇಕು. ತಾಗಿದರೆ ಕೆಟ್ಟು ಕೆಂಪಾಗುತ್ತದೆ. ಅದಕ್ಕೆ ಬೇಕಾದ ಆರ್ಗಾನ್ ಅನಿಲ ನಮ್ಮಲ್ಲಿರಲಿಲ್ಲ. ನನ್ನ ಪ್ರಾಜೆಕ್ಟಿನ ಜೊತೆಗಾರ ಭೈರೇಶ್ ಪಂಚನಹಳ್ಳಿಯಿಂದ ತೆಂಗಿನ ಚಿಪ್ಪಿನ ಇದ್ದಿಲು ತಂದ. ಸ್ಟೀಲ್ ಡಬ್ಬಿಗೆ ಇದ್ದಿಲು ತುಂಬಿ ನಡುವೆ ಪುಡಿಯ ಬಟ್ಟಲು ಹೂತಿಟ್ಟರೆ ಒಳಗಿನ ಗಾಳಿಯನ್ನು ಇದ್ದಿಲೇ ತಿಂದುಹಾಕುತ್ತದೆ. ಮುಚ್ಚಳದ ಅಂಚಿಗೆ ಏನು ಮೆತ್ತುವುದು? ನನ್ನ ಅಮ್ಮಿ ಹಜೀರಾಬಿ ಮದುವೆಗಳಿಗೆ ಬಿರಿಯಾನಿ ಮಾಡುವವರು. ದಮ್ ಹಾಕುವಾಗ ಹಂಡೆಯ ಬಾಯಿಗೆ ಅವರು ಮೆತ್ತುವ ಹಾಗೆಯೇ ನಾನೂ ಗೋಧಿ ಹಿಟ್ಟು ಕಲಸಿ ಮೆತ್ತಿದೆ.

ಲ್ಯಾಬಿನ ಫರ್ನೇಸಿನಲ್ಲಿ ಬೇಯಿಸಿ ಡಬ್ಬಿ ತೆಗೆದಾಗ ಒಳಗೆ ಕೆಂಪು ಪುಡಿ. ಹಿಟ್ಟು ಸುಟ್ಟು ಉದುರಿ ಗಾಳಿ ನುಗ್ಗಿತ್ತು. ಉಳಿದ ಸಾಮಗ್ರಿ ಇನ್ನೊಂದೇ ಸಲಕ್ಕೆ ಸಾಕಾಗುವಷ್ಟಿತ್ತು.

"ನಮ್ಮೂರಲ್ಲಿ ಇದ್ದಿಲು ಸುಡೋ ಡ್ರಮ್ಮಿಗೆ ಜೇಡಿಮಣ್ಣು ಮೆತ್ತೋದು ಕಣೇ," ಎಂದ ಭೈರೇಶ್.

"ಮೊದ್ಲೇ ಬೊಗಳಾಕೆ ಏನಾಗಿತ್ತು ನಿಂಗೆ?"

"ನೀನೆಲ್ಲಿ ಕೇಳ್ದೆ?"

ಮಣ್ಣು ಮೆತ್ತಿ ರಾತ್ರಿಯಿಡೀ ಬೇಯಿಸಿದೆವು. ಮರುದಿನ ಬೆಳಿಗ್ಗೆ ಫರ್ನೇಸ್ ಆರಿಸಿದ ಮೇಲೆ ಉಳಿದ ಅಪಾಯ ನಾನೊಬ್ಬಳೇ. ಬಿಸಿಯಲ್ಲೇ ತೆಗೆದರೆ ಮತ್ತೆ ಕೆಂಪು ಎಂದು ಗೊತ್ತಿದ್ದರೂ ಕೈ ತುರಿಸುತ್ತಿತ್ತು. ಮುಚ್ಚಿಟ್ಟದ್ದನ್ನು ಇಣುಕದೆ ಬಿಡುವುದು ನನ್ನ ಜಾಯಮಾನವಲ್ಲ. ಅದನ್ನು ಚೆನ್ನಾಗಿ ಬಲ್ಲ ಅಮ್ಮಿ ಊಟದ ಕ್ಯಾರಿಯರ್ ಹಿಡಿದು ಲ್ಯಾಬಿಗೇ ಬಂದು ಫರ್ನೇಸ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತರು.

"ಭೈರೇಶಪ್ಪಾ, ಇವ್ಳು ಬಿರಿಯಾನಿ ಹಂಡೇನೂ ಹಿಂಗೇ ಎತ್ತಿ ನೋಡ್ತಾಳೆ. ತಣ್ಣಗಾಗೋಗಂಟ ನಾನು ಏಳಾಕಿಲ್ಲ."

ಏಳಲಿಲ್ಲ. ಮೂರು ಸಲ ಹತ್ತಿರ ಹೋದೆ, ಮೂರು ಸಲವೂ ಕೈಗೆ ಏಟು ಬಿತ್ತು. ಸಂಜೆ ಮಣ್ಣು ಒಡೆದಾಗ ಬಟ್ಟಲಲ್ಲಿ ಬೂದುಗಪ್ಪು ಪುಡಿ! ನಾನು ಲ್ಯಾಬಿನಲ್ಲೇ ಕುಣಿದೆ.

ಸರ್ ಪುಡಿಯನ್ನು ಗೆಳೆಯರ ಲ್ಯಾಬಿಗೆ ಒಯ್ದು ನಾಣ್ಯದಷ್ಟು ಪುಟ್ಟ ಸೆಲ್ ಕಟ್ಟಿಸಿ ತಂದರು. ಶುಕ್ರವಾರ ಚಾರ್ಜ್ ಮುಗಿಸಿ ಬಳಕೆಗೆ ಬಿಟ್ಟೆವು. ಕಂಪ್ಯೂಟರಿನಲ್ಲಿ ವೋಲ್ಟೇಜಿನ ಗೆರೆ ಸರ್ರನೆ ಜಾರಿ ಮೂರು ಪಾಯಿಂಟ್ ನಾಲ್ಕು ವೋಲ್ಟಿಗೆ ಬಂದು ನಿಂತಿತು. ಸರ್ ನಂಬದೆ ವೈರ್ ಅಲುಗಾಡಿಸಿದರು. ಗೆರೆ ಅಲುಗಲಿಲ್ಲ. ಅರ್ಧ ಗಂಟೆ, ಒಂದು ಗಂಟೆ, ಏನೂ ಆಗುತ್ತಿಲ್ಲ. ಏನೂ ಆಗದಿರುವುದನ್ನು ನೋಡುತ್ತಾ ನಾನೂ ಭೈರೇಶನೂ ಹುಚ್ಚರ ಹಾಗೆ ನಗುತ್ತಿದ್ದೆವು. ಖುಷಿಗೆ ನನ್ನ ಕಣ್ಣಲ್ಲಿ ನೀರೂ ಬಂದಿತ್ತು. ಕೊನೆಗೆ ಓಣಿಗಳಲ್ಲಿ ಲಿಥಿಯಂ ತುಂಬಿ ಜಾಗ ಮುಗಿದಾಗ ಗೆರೆ ಧಡಕ್ಕನೆ ಕೆಳಗೆ ಬಿತ್ತು.

ಸರ್ ಕುರ್ಚಿ ಎಳೆದು ಕಂಪ್ಯೂಟರಿನ ಮುಂದೆ ಕೂತು ಕನ್ನಡಕ ಒರೆಸಿಕೊಂಡರು.

"ಇನ್ನೊಂದ್ಸಲ ಚಾರ್ಜಿಗೆ ಹಾಕಮ್ಮ," ಎಂದರು. "ನಾನು ಮೊದಲಿಂದ ನೋಡ್ಬೇಕು."