ಕುಣಿಯೊಳಗಿನ ಕಾಲು

ನಾಗಲಿಂಗನನ್ನು ನಾನು ಎರಡು ವರ್ಷದ ಹಿಂದೆಯೇ ಆರಿಸಿಕೊಂಡಿದ್ದೆ. ಬಾಗಲಕೋಟೆಯ ಕಾಲೇಜಿನಲ್ಲಿ ಅವನು ನನಗಿಂತ ಒಂದು ವರ್ಷ ಮುಂದಿದ್ದ. ಆಮೇಲೆ ನಮ್ಮ ಮಾತು ಮೊಬೈಲಿನಲ್ಲಿ ಮುಂದುವರಿಯಿತು. ಎರಡೂ ಮನೆಯವರು ನೇಕಾರರೇ, ಬಸವಣ್ಣನ ಒಕ್ಕಲೇ. ಅಡ್ಡ ಬರುವಂಥದ್ದು ಏನೂ ಇರಲಿಲ್ಲ, ಅವನ ತಾಯಿ ಗುರುಲಿಂಗವ್ವನೊಬ್ಬಳನ್ನು ಬಿಟ್ಟು.

ಇಳಕಲ್ಲಿನ ಅವರ ಮನೆಗೆ ಬಂದ ಸೊಸೆಯರೆಲ್ಲ ಕೊಂಡಿ ಹಾಕುವುದರಲ್ಲಿ ಎತ್ತಿದ ಕೈಯಂತೆ. ಸೀರೆಯ ಮೈಯ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸಿ ಜೋಡಿಸುವುದಕ್ಕೆ ನಾವು ಕೊಂಡಿ ಎನ್ನುತ್ತೇವೆ. ನಡುವೆ ಕೈ ಅಲುಗಿದರೆ ಹಾಕಿದ್ದೂ ಕಳಚಿಹೋಗುತ್ತದೆ. ಮಗನನ್ನು ಕರೆದುಕೊಂಡು ನಮ್ಮೂರು ಗುಡೂರಿಗೆ ಹೆಣ್ಣು ನೋಡಲು ಬಂದ ಗುರುಲಿಂಗವ್ವ ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ನೇರ ಮಗ್ಗದ ಕೋಣೆಗೆ ನಡೆದು ಕಂಬಕ್ಕೆ ಒರಗಿ ಕೂತಳು.

"ಕೈ ಬಿಡದ ಕೊಂಡಿ ಮುಗಸವಾ. ಮುಂದಿನ ಮಾತು ಆಮ್ಯಾಲ."

ನನಗೆ ಸಿಟ್ಟು ಬಂತು. ಮಗ್ಗ ನನಗೆ ಹಾಲು ಕುಡಿದಷ್ಟು ಸಲೀಸು, ಇವಳೇನು ಪರೀಕ್ಷೆ ಮಾಡುವುದು ಎಂದುಕೊಂಡು ಜಂಬದಿಂದಲೇ ಹೋಗಿ ಕೂತೆ.

ನಮ್ಮದು ಕುಣಿ ಮಗ್ಗ. ಕೂರುವುದು ನೆಲದ ಮೇಲೆ, ಕಾಲು ಇಳಿಬಿಡುವುದು ಮುಂದಿನ ಗುಂಡಿಯೊಳಗೆ. ಬೀಗರು ಬರುತ್ತಾರೆಂದು ಅವ್ವ ವಾರವಿಡೀ ಗೋಡೆಗೆ ಸುಣ್ಣ ಬಳಿದಿದ್ದಳು, ಕಿಟಕಿ ಒರೆಸಿದ್ದಳು. ಮಳೆಗೆ ತೇವ ಹಿಡಿದ ಕುಣಿಯನ್ನು ಮಾತ್ರ ಎಲ್ಲರೂ ಮರೆತಿದ್ದೆವು. ಸೊಳ್ಳೆಗಳು ಅಲ್ಲಿ ಸಂಸಾರ ಹೂಡಿಕೊಂಡು ನನ್ನ ದಾರಿಯನ್ನೇ ಕಾಯುತ್ತಿದ್ದವು.

ಹತ್ತು ಕೊಂಡಿ ಹಾಕುವಷ್ಟರಲ್ಲಿ ಎಡಗಾಲಿಗೆ ಕಚ್ಚಿತು. ಅರ್ಧ ಸೆರಗಿಗೆ ಬರುವಷ್ಟರಲ್ಲಿ ಎರಡೂ ಕಾಲು ದದ್ದುಗಟ್ಟಿದ್ದವು. ತುರಿಕೆ ಎಂದರೆ ಅಂಥಿಂಥ ತುರಿಕೆಯಲ್ಲ, ಹಲ್ಲಿನ ಬೇರಿಗೂ ಮುಟ್ಟುವಂಥದ್ದು. ಒಂದು ಪಾದದಿಂದ ಇನ್ನೊಂದನ್ನು ತಿಕ್ಕಲು ಹೋದರೆ ಎಳೆಗಳು ನಡುಗುತ್ತಿದ್ದವು, ಗುರುಲಿಂಗವ್ವನ ಹುಬ್ಬು ಏರುತ್ತಿತ್ತು.

ನನ್ನ ಮೋರೆ ನೋಡಿಯೇ ಅವ್ವನಿಗೆ ಗೊತ್ತಾಯಿತು. ಜಗತ್ತಿನ ಯಾವ ಬೇನೆಗೂ ಅವಳದು ಒಂದೇ ಔಷಧ, ವಿಭೂತಿ. ನೀರಲ್ಲಿ ಕಲಸಿ ತಂದು, ಕುಣಿಗೆ ಕೈ ಇಳಿಸಿ ಎಡಗಾಲಿಗೆ ಬಳಿದಳು. ಅಷ್ಟರಲ್ಲಿ ಪಕ್ಕದ ಮನೆಯ ರಂಗವ್ವ ಇಣುಕಿದಳು. ಅವರದು ಕುರಿ ಸಾಕುವ ಮನೆತನ, ಬೀರಪ್ಪನ ಒಕ್ಕಲು. ಭಂಡಾರದ ಮುಂದೆ ಸೊಳ್ಳೆಯ ಕಡಿತ ಯಾವ ಲೆಕ್ಕ ಎನ್ನುತ್ತ ಆ ದೇವರ ಅರಿಶಿನದ ಪುಡಿಯನ್ನು ಬಲಗಾಲಿಗೆ ಮೆತ್ತಿದಳು. ಯಾವ ದೇವರ ಕಾಲು ಮೊದಲು ತಣ್ಣಗಾಯಿತೆಂದು ಇಬ್ಬರೂ ನನ್ನನ್ನೇ ಕೇಳಿದರು. ಒಂದು ಕಾಲು ಬಿಳಿ, ಒಂದು ಹಳದಿ, ಎರಡೂ ಉರಿಯುತ್ತಿದ್ದವು. ಅವ್ವ ಉಳ್ಳಾಗಡ್ಡಿ ಹೆಚ್ಚಿ ತಿಕ್ಕಿದಳು, ರಂಗವ್ವ ತುಳಸಿ ಎಲೆ ಹಿಂಡಿದಳು. ತುರಿಕೆ ಕಡಿಮೆಯಾಗಲಿಲ್ಲ, ಕಣ್ಣಲ್ಲಿ ನೀರು ಮಾತ್ರ ಹೆಚ್ಚಾಯಿತು.

ಇದನ್ನೆಲ್ಲ ನೋಡುತ್ತ ಸುಮ್ಮನೆ ಕೂರುವುದು ಗುರುಲಿಂಗವ್ವನಿಗೆ ಕಷ್ಟವಾಯಿತು. ಗುಡೂರಿನವರಿಗೆ ಮದ್ದೇ ತಿಳಿಯದು ಎಂದು ಎದ್ದವಳೇ, ಬೆಲ್ಲಕ್ಕೆ ಎಲೆ ಅಡಿಕೆ ತಟ್ಟೆಯ ಸುಣ್ಣ ಕಲಸಿ ನನ್ನ ಎರಡೂ ಕಾಲಿಗೆ ತಾನೇ ಹಚ್ಚಿದಳು. ಮುಳ್ಳು ಚುಚ್ಚಿದ್ದಕ್ಕೆ, ಉಳುಕಿದ್ದಕ್ಕೆ ಹಚ್ಚುವ ಮದ್ದು ಅದು, ಸೊಳ್ಳೆಗಲ್ಲ. ಅತ್ತೆಯಾಗುವವಳಿಗೆ ಅದನ್ನು ಹೇಳುವವರು ಯಾರು?

ಮೊದಲು ಚುರುಗುಟ್ಟಿತು. ಆಮೇಲೆ ಕುಣಿಯ ಸಂದಿಯಿಂದ ಕೆಂಪಿರುವೆಗಳು ಸಾಲುಗಟ್ಟಿ ಬೆಲ್ಲಕ್ಕೆ ಬಂದವು. ಗಾಯದ ಮೇಲೆ ಬರೆ ಎಂದರೆ ಇದೇ ಎಂದುಕೊಂಡೆ. ಆದರೂ ಕೈ ಬಿಡಲಿಲ್ಲ. ಇಲ್ಲಿ ಕೈ ಬಿಟ್ಟರೆ ನಾಗಲಿಂಗನನ್ನೇ ಬಿಟ್ಟಂತೆ. ಹಲ್ಲು ಕಚ್ಚಿ ಕೊಂಡಿಯ ಮೇಲೆ ಕೊಂಡಿ ಹಾಕಿದೆ.

ಅಲ್ಲಿಯವರೆಗೆ ಅವಲಕ್ಕಿ ತಟ್ಟೆ ಹಿಡಿದು ಮೂಲೆಯಲ್ಲಿ ಸಾಧುವಿನಂತೆ ಕೂತಿದ್ದ ನಾಗಲಿಂಗ ಎದ್ದ. ಹೆಗಲ ಟವೆಲನ್ನು ಗಡಿಗೆಯ ನೀರಲ್ಲಿ ಅದ್ದಿದ. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನೆಲದ ಮೇಲೆ ಬೋರಲು ಮಲಗಿ, ಕುಣಿಯೊಳಗೆ ತಲೆ ಇಳಿಸಿ ನನ್ನ ಪಾದ ಹಿಡಿದುಕೊಂಡ. ಇರುವೆ ಕೊಡವಿದ, ಬೆಲ್ಲ, ಸುಣ್ಣ, ಉಳ್ಳಾಗಡ್ಡಿ ಎಲ್ಲ ಒರೆಸಿದ. ತಣ್ಣನೆಯ ಬಟ್ಟೆ ಒತ್ತಿ ಹಿಡಿದ ಕೂಡಲೇ ಉರಿ ಇಳಿಯಿತು. ಇಷ್ಟು ಹೊತ್ತು ಯಾರಿಗೂ ನೀರು ನೆನಪಾಗಿರಲಿಲ್ಲವಲ್ಲ ಎಂದು ನನಗೆ ಆಶ್ಚರ್ಯವಾಯಿತು.

ಅವ್ವ ಬಾಯಿಗೆ ಸೆರಗು ಮುಚ್ಚಿಕೊಂಡಳು. ನಮ್ಮ ಮನೆಗಳಲ್ಲಿ ಗಂಡು ಹೆಣ್ಣಿನ ಪಾದ ಹಿಡಿಯುವುದು ಒಂದೇ ಸಲ, ಲಗ್ನದ ದಿನ ಕಾಲುಂಗುರ ತೊಡಿಸುವಾಗ. ರಂಗವ್ವನಿಗೆ ಮಾತ್ರ ಬಾಯಿ ಕಟ್ಟಲಾಗಲಿಲ್ಲ.

"ಕಾಲಂತೂ ಹಿಡದಾತಲ್ಲೋ ತಮ್ಮಾ. ಉಂಗುರ ಎಲ್ಲೈತಿ?"

ಸೊಳ್ಳೆಗೆ ಸೋಲಲಿಲ್ಲ, ಇರುವೆಗೆ ಸೋಲಲಿಲ್ಲ. ಆದರೆ ಈ ಮಾತಿನ ಜೊತೆಗೆ ಅವನ ಬೆರಳು ಅಂಗಾಲಿಗೆ ತಾಗಿ ಕಚಗುಳಿಯಾದದ್ದೇ ತಡ, ನಗು ಹೊಟ್ಟೆಯಿಂದ ಉಕ್ಕಿ ಬಂತು. ಇಡೀ ಮೈ ಕುಲುಕಿತು. ಕೈ ಅಲುಗಿತು. ಇನ್ನೇನು ಮುಗಿಯಬೇಕಿದ್ದ ಅಂಚಿನ ಕೊಂಡಿಗಳು ಕಣ್ಣೆದುರೇ ಪಟಪಟನೆ ಕಳಚಿದವು.

ಕೆಟ್ಟೆ, ಇವನು ನನ್ನ ಕೈತಪ್ಪಿದ ಎಂದುಕೊಂಡು ಉಳಿದ ಎಳೆಗಳನ್ನು ಬಿಗಿಯಾಗಿ ಹಿಡಿದೆ.

ಗುರುಲಿಂಗವ್ವ ನಿಧಾನಕ್ಕೆ ಎದ್ದು ಬಂದಳು. ಕುಣಿಗೆ ಬಗ್ಗಿ ನನ್ನ ಕೆಂಪಗೆ ಬಾತ ಕಾಲು ನೋಡಿದಳು, ಕೆಳಗೆ ಬಿದ್ದ ಬೆಲ್ಲಕ್ಕೆ ಮುತ್ತಿದ ಇರುವೆ ನೋಡಿದಳು, ಸುಣ್ಣ ಮೆತ್ತಿದ ಮಗನ ಅಂಗಿ ನೋಡಿದಳು. ಸೆರಗು ಸಿಕ್ಕಿಸಿಕೊಂಡು ನನ್ನ ಪಕ್ಕಕ್ಕೇ ಕೂತು, ನನ್ನ ಬೆರಳುಗಳಿಂದ ಎಳೆಗಳನ್ನು ಒಂದೊಂದಾಗಿ ತನ್ನ ಬೆರಳಿಗೆ ತೆಗೆದುಕೊಂಡಳು.

"ಬೆಲ್ಲಾ ಹಚ್ಚಿದಾಕಿ ನಾನ. ಉಳದ ಕೊಂಡಿ ನಾ ಹಾಕ್ತೇನಿ. ನೀ ಮೊದಲ ಕೆರಕೋ, ನನ ಮಗಳ."

ಅತ್ತೆಯಾಗುವವಳ ಎದುರಿಗೆ ಕಾಲು ಮಡಚಿ ಮೇಲಿಟ್ಟುಕೊಂಡು, ಎರಡೂ ಕೈಯಿಂದ, ಕಣ್ಣು ಮುಚ್ಚಿ, ಮನಸಾರೆ ಕೆರೆದುಕೊಂಡೆ.